ಬಿಳಿ ಸೂಟು ಹಾಕಿಕೊಂಡವನು ಮತ್ತು ಬಟ್ಟೆ ಒಗೆಯೋ ಅಜ್ಜಿ

ಹಳೇ ಬ್ರಿಟಿಷ್ ಸಿನಿಮಾ ಅಂದ್ರೆ ಟೋಪಿ, ಕೊಡೆ, ಟೀ ಕಪ್ಪು ಅಷ್ಟೇ ಅಂತ ನಮ್ಮಲ್ಲಿ ಬಹಳ ಜನರ ಲೆಕ್ಕ. ವಾರಕ್ಕೊಂದರಂತೆ ಲಂಡನ್ನಿನ ಈಲಿಂಗ್ ಸ್ಟುಡಿಯೋದ ಹಾಸ್ಯಚಿತ್ರಗಳನ್ನ ನೋಡ್ತಾ ಬಂದೆ. ಟೀ ಕಪ್ಪು ಇದೆ, ನಿಜ. ಆದ್ರೆ ನಗ್ತಾ ನಗ್ತಾನೇ ಎಲ್ಲೋ ಚುಚ್ಚುತ್ತೆ.

ಇವತ್ತು ಒಂದರ ಬಗ್ಗೆ ಮಾತ್ರ ಹೇಳ್ತೀನಿ: 1951ರ 'ದಿ ಮ್ಯಾನ್ ಇನ್ ದಿ ವೈಟ್ ಸೂಟ್'. ನಿರ್ದೇಶಕ ಅಲೆಕ್ಸಾಂಡರ್ ಮೆಕೆಂಡ್ರಿಕ್. ನಾಯಕ ಅಲೆಕ್ ಗಿನ್ನೆಸ್, ಅಂದ್ರೆ ಮುಂದೆ 'ಸ್ಟಾರ್ ವಾರ್ಸ್'ನಲ್ಲಿ ಓಬಿ-ವಾನ್ ಆದವರು.

ಕಥೆ ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಊರಿನದು. ಸಿಡ್ನಿ ಅನ್ನೋ ಹುಡುಗ ಎಂದೂ ಹರಿಯದ, ಎಂದೂ ಕೊಳೆಯಾಗದ ಬಟ್ಟೆ ಕಂಡುಹಿಡೀತಾನೆ. ಅದಕ್ಕೆ ಬಣ್ಣವೂ ಹತ್ತಲ್ಲ, ಕತ್ತಲಲ್ಲೂ ಬೆಳ್ಳಗೆ ಹೊಳೆಯುತ್ತೆ. ಲೋಕ ತನ್ನನ್ನ ಹೊಗಳುತ್ತೆ ಅಂತ ಅವನ ಎಣಿಕೆ. ಆದ್ರೆ ಒಂದೇ ಸಲ ಬಟ್ಟೆ ಕೊಂಡ್ರೆ ಮತ್ತೆ ಯಾರು ಕೊಳ್ತಾರೆ ಅಂತ ಮಾಲೀಕರಿಗೆ ಭಯ. ಗಿರಣಿ ಮುಚ್ಚುತ್ತೆ ಅಂತ ಕಾರ್ಮಿಕರಿಗೆ ಭಯ. ಯಾವತ್ತೂ ಕಚ್ಚಾಡೋ ಇಬ್ಬರೂ ಒಂದಾಗಿ ಅವನನ್ನ ಅಟ್ಟಿಸಿಕೊಂಡು ಹೋಗ್ತಾರೆ.

ಆ ಓಟದ ನಡುವೆ ಅವನ ಬಾಡಿಗೆ ಮನೆಯ ಅಜ್ಜಿ ಸಿಗ್ತಾಳೆ. ಅವರಿವರ ಬಟ್ಟೆ ಒಗೆದು ನಾಲ್ಕು ಕಾಸು ಮಾಡ್ಕೊಳ್ಳೋ ಹೆಂಗಸು. ಒಗೆಯೋದೇ ಇಲ್ಲ ಅಂದ್ಮೇಲೆ ನನ್ನ ಪಾಡೇನು ಅಂತ ಕೇಳ್ತಾಳೆ. ಸಿಡ್ನಿ ಹತ್ರ ಉತ್ತರ ಇಲ್ಲ. ಅಷ್ಟು ಹೊತ್ತು ಓಡ್ತಿದ್ದ ಸಿನಿಮಾ ಅಲ್ಲಿ ಒಂದು ಕ್ಷಣ ನಿಂತಂಗಾಗುತ್ತೆ.

ಈಗ ನಮ್ಮ ಕಡೆ ನೋಡಿ. ಪುಣೆ, ಹೈದರಾಬಾದ್, ಚೆನ್ನೈ ಆಫೀಸುಗಳಲ್ಲಿ ನಾವು ಮಾಡೋದೂ ಇದೇ ಅಲ್ವಾ? ಒಂದು ಸ್ಕ್ರಿಪ್ಟ್ ಬರೆದು, ನಾಲ್ಕು ಜನರ ಕೆಲಸ ಉಳೀತು ಅಂತ ಡೆಮೊ ಕೊಡ್ತೀವಿ, ಚಪ್ಪಾಳೆ ಬೀಳುತ್ತೆ. ಆ ನಾಲ್ಕು ಜನ ಯಾರು ಅಂತ ಸ್ಲೈಡಿನಲ್ಲಿ ಇರಲ್ಲ. ಇಷ್ಟು ದಿನ ನಾವು ಸಿಡ್ನಿಗಳು. ಈಗ ಎಐ ಬಂದ್ಮೇಲೆ, ಮನೆ ಸಾಲದ ಕಂತು ಕಟ್ಟೋ ನಾವೇ ಆ ಅಜ್ಜಿ ನಿಂತ ಜಾಗದಲ್ಲಿ ನಿಂತಿದೀವಿ.

ಸಿನಿಮಾ ಯಾರನ್ನೂ ಖಳನಾಯಕ ಮಾಡಲ್ಲ, ಅದು ನಂಗೆ ಹಿಡಿಸ್ತು. ಕೊನೆಗೆ ಆ ಬಟ್ಟೆ ಹತ್ತಿ ಥರ ಕೈಗೆ ಕಿತ್ತು ಬರುತ್ತೆ, ಊರೆಲ್ಲ ನಗುತ್ತೆ. ಸಿಡ್ನಿ ಮಾತ್ರ ತನ್ನ ನೋಟ್‌ಬುಕ್ ನೋಡಿ, ಏನೋ ಹೊಳೆದವನ ಹಾಗೆ ಹೊರಟುಬಿಡ್ತಾನೆ. ಹೊಸದನ್ನ ಹುಡುಕೋರು ನಿಲ್ಲಲ್ಲ, ನಿಲ್ಲಲೂಬೇಕಿಲ್ಲ. ಆದ್ರೆ ಅಜ್ಜಿಯ ಪ್ರಶ್ನೆಯನ್ನ ಡೆಮೊಗಿಂತ ಮುಂಚೆ ಯಾರಾದ್ರೂ ಒಬ್ಬರು ಕೇಳಬೇಕು.

ಒಂದೂವರೆ ಗಂಟೆಯೂ ಇಲ್ಲದ ಚಿತ್ರ. ನಿಮ್ಮ ಟೀಮಿನವರ ಜೊತೆ ಕೂತು ನೋಡಿ.