ಪ್ರಮಾಣಪತ್ರದ ಅಕ್ಷರವೂ ಮನೆಯ ಹೊಣೆಯೂ



ಚಲನಚಿತ್ರ ಆರಂಭವಾಗುವ ಮುನ್ನ ತೆರೆಯ ಮೇಲೆ ಪ್ರಮಾಣಪತ್ರವೊಂದು ಮೂಡಿ ಮರೆಯಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಓದುವುದಿಲ್ಲ. ಓದಿದರೂ ಅದು ಹೆತ್ತವರಿಗೆ ಏನನ್ನು ತಿಳಿಸುತ್ತದೆ? ಈ ಪ್ರಶ್ನೆಯನ್ನು ತಮ್ಮ ಮುಂದಿಡಬಯಸುತ್ತೇವೆ.

ಪ್ರಶಾಂತ್ ನೀಲ್ ನಿರ್ದೇಶಿಸಿ, ಹೊಂಬಾಳೆ ಸಂಸ್ಥೆ ನಿರ್ಮಿಸಿದ ಎರಡು ಚಿತ್ರಗಳನ್ನು ಗಮನಿಸಿ. 2022ರ ‘ಕೆಜಿಎಫ್ ಚಾಪ್ಟರ್ 2’ಕ್ಕೆ ದೊರೆತದ್ದು ‘ಯು/ಎ’. ಅಂದರೆ ಹೆತ್ತವರ ವಿವೇಚನೆಯ ಮೇಲೆ ಮಕ್ಕಳೂ ನೋಡಬಹುದು. 2023ರ ‘ಸಲಾರ್’ಗೆ ದೊರೆತದ್ದು ‘ಎ’. ಅಂದರೆ 18 ತುಂಬದವರಿಗೆ ಪ್ರವೇಶವೇ ಇಲ್ಲ. ಎರಡರಲ್ಲಿಯೂ ಹರಿದದ್ದು ರಕ್ತವೇ, ಉರುಳಿದ್ದು ಹೆಣಗಳೇ. ಒಂದರ ರಕ್ತ ಮಗುವಿಗೆ ಸಹ್ಯ, ಇನ್ನೊಂದರದ್ದು ಅಸಹ್ಯ ಎಂಬ ಗೆರೆಯನ್ನು ಯಾವ ಅಳತೆಗೋಲಿನಿಂದ ಎಳೆಯಲಾಯಿತು? ಅರ್ಥಹೀನವಾದ ಹಿಂಸೆ, ಕ್ರೌರ್ಯ, ಭೀಕರತೆಗಳಿಗೆ ಎಡೆಯಿರಬಾರದೆಂದು 1991ರ ಮಾರ್ಗಸೂಚಿ ಹೇಳುತ್ತದೆ. ಎಷ್ಟಾದರೆ ಅರ್ಥಹೀನ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಇದು ಹಳೆಯ ವ್ಯಾಧಿ. ತಮ್ಮ ಸಾಕ್ಷ್ಯಚಿತ್ರಕ್ಕೆ ‘ಯು’ ನಿರಾಕರಿಸಿದ್ದನ್ನು ಖ್ವಾಜಾ ಅಹ್ಮದ್ ಅಬ್ಬಾಸ್ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದರು. 1970ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾರವರು ಪೂರ್ವಪರಿಶೀಲನೆಯನ್ನು ಎತ್ತಿಹಿಡಿದರು. ಆದರೆ ಕಲಾತ್ಮಕವಾದುದಕ್ಕೂ ಅಲ್ಲದ್ದಕ್ಕೂ ಮಾರ್ಗಸೂಚಿಗಳು ಭೇದವೆಣಿಸುವುದಿಲ್ಲವೆಂಬ ಕೊರತೆಯನ್ನೂ ಎತ್ತಿತೋರಿಸಿದರು.

ಎಡವುವುದು ನಮ್ಮ ಮಂಡಳಿ ಮಾತ್ರವಲ್ಲ. 2012ರಲ್ಲಿ ‘ದಿ ವುಮನ್ ಇನ್ ಬ್ಲ್ಯಾಕ್’ ಎಂಬ ಭೂತದ ಚಿತ್ರಕ್ಕೆ ಬ್ರಿಟನ್ನಿನ ಮಂಡಳಿ ‘12ಎ’ ದರ್ಜೆ ನೀಡಿತು. ನಾಯಕನು ‘ಹ್ಯಾರಿ ಪಾಟರ್’ ಖ್ಯಾತಿಯ ನಟ. ಚಿತ್ರವು ಎಳೆಯರಿಗೆ ತೀರಾ ಭಯಂಕರವೆಂದು 134 ದೂರುಗಳು ಬಂದವು. ವ್ಯತ್ಯಾಸವೇನೆಂದರೆ, ಆ ಮಂಡಳಿ ದೂರುಗಳ ಲೆಕ್ಕವನ್ನು ವಾರ್ಷಿಕ ವರದಿಯಲ್ಲಿ ಪ್ರಕಟಿಸುತ್ತದೆ. ದರ್ಜೆಯ ಜೊತೆಗೆ ಅದರ ಕಾರಣವನ್ನೂ ಪ್ರೇಕ್ಷಕರಿಗೆ ತಿಳಿಸುತ್ತದೆ.

2023ರ ತಿದ್ದುಪಡಿಯು ನಮ್ಮ ದೇಶದಲ್ಲಿಯೂ ‘ಯುಎ’ಯನ್ನು 7+, 13+, 16+ ಎಂದು ವಿಂಗಡಿಸಿತು. ಇದು ಸ್ವಾಗತಾರ್ಹ. ಆದರೆ ಅದೇ ಕಾನೂನಿನ ಪ್ರಕಾರ ಈ ವಯೋಸೂಚನೆಯನ್ನು ಜಾರಿಗೊಳಿಸಬೇಕಾದವರು ಹೆತ್ತವರು ಮತ್ತು ಪೋಷಕರು ಮಾತ್ರ. ‘16+’ ಚಿತ್ರಕ್ಕೆ ಹತ್ತು ವರ್ಷದ ಬಾಲಕನನ್ನು ಕರೆದೊಯ್ದರೆ ದ್ವಾರಪಾಲಕನು ತಡೆಯಲಾರ. ಇನ್ನು, 2021ರ ನಿಯಮಗಳಂತೆ ಅಂತರ್ಜಾಲ ವೇದಿಕೆಗಳಲ್ಲಿ ದರ್ಜೆ ನಿರ್ಧರಿಸುವುದು ಆಯಾ ಸಂಸ್ಥೆಯೇ. ಸಿದ್ದಾಪುರ ತಾಲೂಕಿನ ಮನ್ಮನೆಯ ಮಗುವಿಗೆ ಚಿತ್ರಮಂದಿರ ದೂರವಿರಬಹುದು; ಮೊಬೈಲ್ ದೂರವಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಚಿತ್ರದ ಭಿತ್ತಿಪತ್ರದಲ್ಲಿಯೇ, ದರ್ಜೆಯ ಪಕ್ಕದಲ್ಲಿ, ಅದಕ್ಕೆ ಕಾರಣವನ್ನು ಕನ್ನಡದಲ್ಲಿ ಒಂದು ಸಾಲು ಮುದ್ರಿಸಬೇಕು. ಕತ್ತಿಯೋ, ಚಿತ್ರಹಿಂಸೆಯೋ, ಭೂತವೋ ಎಂಬುದು ತಾಯಿಗೆ ಮೊದಲೇ ತಿಳಿಯಬೇಕು.

ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರಬೇಕೇ? ‘13+’ ಮತ್ತು ಮೇಲಿನ ದರ್ಜೆಯ ಚಿತ್ರಗಳಿಗೆ ಬೀಗ ಹಾಕುವ ಸೌಲಭ್ಯವನ್ನು ವೇದಿಕೆಗಳು ಒದಗಿಸಲೇಬೇಕೆಂಬ ನಿಯಮವಿದೆ. ಇಂದು ರಾತ್ರಿಯೇ ಆ ಬೀಗವನ್ನು ಹಾಕೋಣ. ಹಾಕಿದ ಮೇಲೆ ಮಕ್ಕಳ ಬಳಿ ಕುಳಿತು ಕಾರಣವನ್ನೂ ಹೇಳೋಣ. ಮಂಡಳಿಯಿಂದ ನಾವು ಕಾರಣ ಕೇಳುವಂತೆಯೇ ನಮ್ಮಿಂದ ಕಾರಣ ಕೇಳುವ ಹಕ್ಕು ಅವರಿಗೂ ಇದೆ.