ಸಹಾಯಧನ ಯಾರ ಹೆಸರಿಗೆ?



ಸಹ್ಯಾದ್ರಿಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರದ ಕಾಡನ್ನು ದಾಟಿ ಎಂ.ಕೆ. ಹುಬ್ಬಳ್ಳಿಯ ಬಯಲಿಗೆ ಇಳಿಯುತ್ತಾಳೆ. ಇಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯೂ ಇದೆ. ದುಡಿಮೆಯನ್ನು ಕಾಯಕವೆಂದು ಗೌರವಿಸಿದ ಶರಣರ ಈ ನೆಲದಲ್ಲಿ ಒಂದು ಪ್ರಶ್ನೆ ಉಚಿತವಾದದ್ದು: ರೈತರಿಗೆಂದು ಸರ್ಕಾರ ಕೊಡುವ ಹಣ ದುಡಿಯುವವರನ್ನು ಮುಟ್ಟುತ್ತದೆಯೇ?

2019ರ ಫೆಬ್ರುವರಿ 24ರಂದು ಚಾಲನೆಗೊಂಡ ಪಿಎಂ-ಕಿಸಾನ್ ಯೋಜನೆಯು ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಬ್ಯಾಂಕ್ ಖಾತೆಗೆ ಜಮಾ ಮಾಡುತ್ತದೆ. ಆರಂಭದಲ್ಲಿ 2 ಹೆಕ್ಟೇರ್‌ವರೆಗಿನ ಹಿಡುವಳಿದಾರರಿಗಷ್ಟೇ ಇದ್ದ ಈ ನೆರವು, ಅದೇ ವರ್ಷ ದೊಡ್ಡ ಹಿಡುವಳಿದಾರರಿಗೂ ವಿಸ್ತರಿಸಿತು. ಆದಾಯ ತೆರಿಗೆ ಕಟ್ಟುವವರಂತಹ ಕೆಲವರು ಮಾತ್ರ ಹೊರಗುಳಿದರು. ರಾಜ್ಯವು 2019ರಲ್ಲಿ ಸೇರಿಸಿದ್ದ 4,000 ರೂಪಾಯಿ 2023ರಲ್ಲಿ ನಿಂತಿತು. ಹಣ ಮಧ್ಯವರ್ತಿಯ ಕೈಸೇರದೆ ಬರುವುದು ಈ ವ್ಯವಸ್ಥೆಯ ಗುಣ, ಅದನ್ನು ಅಲ್ಲಗಳೆಯಬೇಕಾಗಿಲ್ಲ.

ಆದರೆ ಆ ಹಣದ ದಾರಿ ಉತಾರದಿಂದ ಆರಂಭವಾಗುತ್ತದೆ. 2019ರ ಫೆಬ್ರುವರಿ 1ರಂದು ಭೂದಾಖಲೆಯಲ್ಲಿ ಹೆಸರಿದ್ದವರೇ ಅರ್ಹರು. ಅನಂತರ ವಾರಸಾ ಹಕ್ಕಿನಿಂದ ಬಂದ ಭೂಮಿಗೆ ವಿನಾಯಿತಿಯುಂಟು. ಲಾವಣಿ ಹಿಡಿದವರು, ಪಾಲಿಗೆ ಬಿತ್ತುವವರು, ಕೂಲಿಕಾರರು ಲೆಕ್ಕಕ್ಕಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿಯನ್ನು ನಿಷೇಧಿಸಿ, ಉಳುವವರನ್ನು ಒಡೆಯರನ್ನಾಗಿಸಿತು. ಅದು ಚಾರಿತ್ರಿಕ ಸಾಧನೆ. ಆದರೂ ಬಾಯಿಮಾತಿನ ಲಾವಣಿ ಅಳಿಯಲಿಲ್ಲ. ಕಾಗದವಿಲ್ಲದ ಆ ಒಕ್ಕಲುತನಕ್ಕೆ ಬೆಳೆಸಾಲ, ಬೆಳೆಹಾನಿ ಪರಿಹಾರಗಳೂ ದುರ್ಲಭ. ಹೊಲದಲ್ಲಿ ಕಳೆ ತೆಗೆದು, ಬೀಜ ಕಾಪಾಡುವ ತಾಯಂದಿರ ಸ್ಥಿತಿಯೂ ಅದೇ. ಪತಿ ತೀರಿಕೊಂಡ ಮೇಲೆ ವಾರಸಾ ಆಗುವವರೆಗೆ ಅವರು ದಾಖಲೆಯಲ್ಲಿ ರೈತರೇ ಅಲ್ಲ.

ಎರಡನೆಯ ದಾರಿ ಗೊಬ್ಬರದ ಚೀಲದ್ದು. 2010ರ ಏಪ್ರಿಲ್‌ನಿಂದ ರಂಜಕ, ಪೊಟ್ಯಾಷ್ ಗೊಬ್ಬರಗಳಿಗೆ ಪೋಷಕಾಂಶ ಆಧಾರಿತ ಸಹಾಯಧನ ಬಂದಿತು. ಯೂರಿಯಾ ಅದರ ಹೊರಗುಳಿದು ಅಗ್ಗವಾಗಿಯೇ ಇತ್ತು. ಹೆಚ್ಚು ಚೀಲ ಸುರಿದವರಿಗೆ ಹೆಚ್ಚು ಸಹಾಯಧನ! ಕಬ್ಬು ಹೀರದೆ ಬಿಟ್ಟ ಸಾರಜನಕ ಬಾವಿಗೂ ಹೊಳೆಗೂ ಸೇರುತ್ತದೆ. ಹೊಳೆಯ ಕೆಳಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಜಲಾಶಯವಿದೆ. ತಿಪ್ಪೆಗೊಬ್ಬರ ಹಾಕಿ, ಬದು ಕಟ್ಟಿ ಮಣ್ಣನ್ನು ಉಳಿಸಿದವರಿಗೆ ಈ ಬಾಬತ್ತಿನಲ್ಲಿ ಬಿಡಿಗಾಸೂ ಇಲ್ಲ.

ಹೀಗೆ ಸರ್ಕಾರದ ಕಣ್ಣಿಗೆ ಉತಾರ ಕಾಣುತ್ತದೆ, ಚೀಲ ಕಾಣುತ್ತದೆ. ಬೆವರೂ ಮಣ್ಣೂ ಕಾಣುವುದಿಲ್ಲ. ಇದು ಅನಿವಾರ್ಯವೇನಲ್ಲ. ಒಡಿಶಾ ಸರ್ಕಾರವು 2018ರ ಡಿಸೆಂಬರಿನಲ್ಲಿ ಪ್ರಕಟಿಸಿದ ಕಾಲಿಯಾ ಯೋಜನೆ ಪಾಲುಗಾರರನ್ನೂ ಒಳಗೊಂಡಿತ್ತು; ಆಡು, ಕೋಳಿ, ಜೇನು ಸಾಕಣೆಯಂತಹ ಕಸುಬುಗಳಿಗಾಗಿ ಭೂರಹಿತ ಕೃಷಿಕ ಕುಟುಂಬಕ್ಕೆ 12,500 ರೂಪಾಯಿಗಳ ನೆರವನ್ನು ಗೊತ್ತುಪಡಿಸಿತ್ತು.

ಆದ್ದರಿಂದ ಕಿತ್ತೂರು, ಬೈಲಹೊಂಗಲ ಸೀಮೆಯ ಹಳ್ಳಿಗಳಲ್ಲಿ ಮೂರು ಕೆಲಸಗಳು ಆಗಬೇಕು. ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ಬಾಕಿಯಿರುವ ವಾರಸಾ ಖಾತೆಗಳನ್ನು, ವಿಶೇಷವಾಗಿ ವಿಧವೆಯರವನ್ನು, ಮಾಡಿಸಿಕೊಡಬೇಕು. ಒಡೆತನದ ಹಕ್ಕಿಗೆ ಧಕ್ಕೆಯಾಗದಂತೆ ಉಳುವವರ ಹೆಸರು ದಾಖಲಾಗಲಿ, ಮಣ್ಣು ಕಾಯುವವರಿಗೆ ನೆರವು ಸಿಗಲಿ ಎಂದು ಠರಾವು ಮಾಡಿ ಸರ್ಕಾರಕ್ಕೆ ಕಳುಹಿಸಬೇಕು.

ಪಟ್ಟಿಯನ್ನು ಓದುವಾಗ ಯಾರ ಹೆಸರು ಬಂದಿತೆಂದು ಕೇಳಿಸಿಕೊಳ್ಳಿ. ಯಾರ ಹೆಸರು ಬರಲಿಲ್ಲವೆಂಬುದನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಯ ಚರ್ಚೆ ಆ ಎರಡನೆಯ ಪಟ್ಟಿಯಿಂದಲೇ ಆರಂಭವಾಗಲಿ.