ಕರೆಗಾಗಿ ಕಾಯುವ ಕೆಲಸ

ಜಗತ್ತಿನಲ್ಲಿ ಅತಿ ಹೆಚ್ಚು ಮೊಬೈಲ್ ಫೋನುಗಳನ್ನು ಮಾರುತ್ತಿದ್ದ ಫಿನ್ಲೆಂಡಿನ ನೋಕಿಯಾ ಸಂಸ್ಥೆಯು 2005ರಲ್ಲಿ ಹೊರತಂದ 770 ಎಂಬ ಕಿಸೆಗಣಕದಲ್ಲಿ ಸಿಮ್ ಕಾರ್ಡಿಗೆ ಜಾಗವೇ ಇರಲಿಲ್ಲ. ಲಿನಕ್ಸ್ ಆಧಾರಿತ ತಂತ್ರಾಂಶ, ಅಗಲವಾದ ಸ್ಪರ್ಶಪರದೆ, ಮನೆ ಅಥವಾ ಕಚೇರಿಯ ಆವರಣದೊಳಗೆ ತಂತಿಯಿಲ್ಲದೆ ಅಂತರಜಾಲವನ್ನು ಒದಗಿಸುವ ವೈ-ಫೈ ಎಂಬ ರೇಡಿಯೊ ಸಂಪರ್ಕ, ಇವೇ ಅದರ ಬಂಡವಾಳ. ಮರುವರ್ಷದ ತಂತ್ರಾಂಶದಲ್ಲಿ ಅಂತರಜಾಲದ ಮೂಲಕ ಮಾತನಾಡುವ ಸೌಲಭ್ಯವೂ, 2007ರ ಎನ್800 ಮಾದರಿಯಲ್ಲಿ ಸ್ಕೈಪ್ ಕೂಡ ಸೇರಿದಾಗ, ಇನ್ನು ಫೋನೇಕೆ ಎಂದು ಕೆಲವು ಉತ್ಸಾಹಿಗಳು ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಮಾತನ್ನು ಸಾಗಿಸುವುದು ಗಣಕಕ್ಕೆ ಕಷ್ಟದ ಕೆಲಸವಲ್ಲ. ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು ಅಂಕಿಗಳಾಗಿಸಿ, ಸಾಮಾನ್ಯವಾಗಿ 20 ಮಿಲಿಸೆಕೆಂಡುಗಳಷ್ಟು ಮಾತಿಗೆ ಒಂದರಂತೆ ಪ್ಯಾಕೆಟ್ ಎಂಬ ಸಣ್ಣ ಕಟ್ಟುಗಳನ್ನು ಮಾಡಿ ಕಳುಹಿಸಿದರೆ, ಆಚೆಯ ಯಂತ್ರವು ಅವನ್ನು ಮತ್ತೆ ದನಿಯಾಗಿಸುತ್ತದೆ.

ಕಷ್ಟವಿರುವುದು ಕರೆಗಾಗಿ ಕಾಯುವುದರಲ್ಲಿ. ಮೊಬೈಲ್ ಫೋನು ದಿನದ ಬಹುಪಾಲು ನಿದ್ರಿಸುತ್ತಲೇ ಇರುತ್ತದೆ. ಜಿಎಸ್ಎಂ ವ್ಯವಸ್ಥೆಯಲ್ಲಿ ಅದು ಅರ್ಧ ಸೆಕೆಂಡಿನಿಂದ ಸುಮಾರು ಎರಡು ಸೆಕೆಂಡುಗಳ ನಿಗದಿತ ಅಂತರದಲ್ಲಿ ಕ್ಷಣಮಾತ್ರ ಎಚ್ಚೆತ್ತು, ಗೋಪುರವು ತನ್ನನ್ನು ಕೂಗುತ್ತಿದೆಯೇ ಎಂದು ಆಲಿಸಿ ಮತ್ತೆ ಮಲಗುವುದರಿಂದ ಬ್ಯಾಟರಿ ದಿನಗಟ್ಟಲೆ ಬಾಳುತ್ತದೆ. ವೈ-ಫೈ ಗಣಕಕ್ಕೆ ಈ ಸುಖವಿಲ್ಲ. ಮನೆಯ ರೌಟರ್ ಹಲವು ಯಂತ್ರಗಳನ್ನು ಒಂದೇ ಅಂತರಜಾಲ ವಿಳಾಸದ ಹಿಂದೆ ಇರಿಸಿ, ಕೆಲಕಾಲ ಸುಮ್ಮನಿದ್ದ ಸಂಪರ್ಕವನ್ನು ತನ್ನ ಪಟ್ಟಿಯಿಂದ ಅಳಿಸಿಬಿಡುತ್ತದೆಯಾದ್ದರಿಂದ, ಹೊರಗಿನ ಕರೆ ತಲುಪಬೇಕಾದರೆ ಗಣಕವು 'ಇಲ್ಲಿದ್ದೇನೆ' ಎಂಬ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳುಹಿಸುತ್ತಲೇ ಇರಬೇಕು, ಮತ್ತು ಅದರ ಬೆಲೆಯನ್ನು ಬ್ಯಾಟರಿ ತೆರಬೇಕು. ಇನ್ನು ಬಾಗಿಲು ದಾಟಿ ಬೀದಿಗಿಳಿದರೆ ಸಂಪರ್ಕವೇ ಕಡಿಯುತ್ತದೆ; ಚಲಿಸುವ ಬಸ್ಸಿನಲ್ಲಿರುವವನ ಕರೆಯನ್ನು ಒಂದು ಗೋಪುರ ಇನ್ನೊಂದಕ್ಕೆ ಒಪ್ಪಿಸುವ ಏರ್ಪಾಡು ಬಿಡಿಬಿಡಿಯಾದ ವೈ-ಫೈ ಕೇಂದ್ರಗಳ ನಡುವೆ ಇಲ್ಲ. ನೋಕಿಯಾ 2009ರಲ್ಲಿ ಇದೇ ಸಾಲಿನ ಎನ್900 ಮಾದರಿಗೆ ಮೊಬೈಲ್ ರೇಡಿಯೊವನ್ನು ಸೇರಿಸಿದ್ದು ಸೋಲೊಪ್ಪಿದಂತೆ ಕಂಡರೂ ವಿವೇಕದ ನಿರ್ಧಾರವೇ ಆಗಿತ್ತು.

ಭಾರತದಲ್ಲಿ ತಂತ್ರದ ತೊಡಕಿಗೆ ಕಾನೂನಿನ ತೊಡಕೂ ಸೇರಿತ್ತು. 2002ರ ಏಪ್ರಿಲ್ 1ರಿಂದ ಅಂತರಜಾಲ ದೂರವಾಣಿಗೆ ಅನುಮತಿ ದೊರೆತರೂ, ಗಣಕದಿಂದ ವಿದೇಶದ ಫೋನಿಗೆ ಕರೆ ಮಾಡಬಹುದಿತ್ತೇ ಹೊರತು ದೇಶದೊಳಗಿನ ಫೋನಿಗೆ ಮಾಡುವಂತಿರಲಿಲ್ಲ. ಎಂದರೆ, ಬೆಂಗಳೂರಿನಲ್ಲಿ ಕುಳಿತವರು ಅಮೆರಿಕದ ಮಗನನ್ನು ಮಾತನಾಡಿಸಬಹುದಿತ್ತು, ಮೈಸೂರಿನ ಮನೆಯ ಫೋನಿಗೆ ಮಾತ್ರ ಗಣಕದಿಂದ ಕರೆ ಹೋಗುತ್ತಿರಲಿಲ್ಲ. ಈಗ ಆ ಬಿಗಿ ಸಡಿಲಗೊಂಡಿದ್ದರೂ ಫೋನ್ ಸಂಖ್ಯೆಯ ಹಿಡಿತ ಸಡಿಲಗೊಂಡಿಲ್ಲ. ಅಂತರಜಾಲದಲ್ಲೇ ಕರೆಗಳನ್ನು ಸಾಗಿಸುವ ವಾಟ್ಸ್ಆ್ಯಪ್ ಕೂಡ ಖಾತೆ ತೆರೆಯಲು ಮೊಬೈಲ್ ಸಂಖ್ಯೆಯನ್ನೇ ಕೇಳುತ್ತದೆ, ಬ್ಯಾಂಕುಗಳು ಕಳುಹಿಸುವ ಒಟಿಪಿ, ಅಂದರೆ ಒಮ್ಮೆ ಮಾತ್ರ ಸಲ್ಲುವ ಗುಪ್ತಸಂಖ್ಯೆ, ಬಹುತೇಕ ಆ ಸಂಖ್ಯೆಗೇ ಬರುತ್ತದೆ. ಆದ್ದರಿಂದ ಕಿಸೆಗಣಕವನ್ನೇ ನೆಚ್ಚಿದವರು ಕೂಡ ಒಂದು ಅಗ್ಗದ ಫೋನನ್ನು ಮೇಜಿನ ಖಾನೆಯಲ್ಲಿ ಚಾರ್ಜ್ ಮಾಡಿಟ್ಟಿರಬೇಕಾಗುತ್ತದೆ.